ಬೀರೇಶನ ಬೈಕಿನ ಹೆಡ್

“ಮೇಡಂ, ಯಾರೋ ನನ್ ಹೆಡ್ ಕದ್ಬುಟ್ಟವ್ರೆ!”

ಸಬ್ ಇನ್ಸ್‌ಪೆಕ್ಟರ್ ಲಕ್ಷ್ಮೀಪ್ರಿಯಾ ಕತ್ತೆತ್ತಿದಳು. ಎದುರಿಗಿದ್ದವನ ತಲೆ ಹೆಗಲ ಮೇಲೆ ಭದ್ರವಾಗಿಯೇ ಇತ್ತು.

“ಬೈಕಿಂದು ಮೇಡಂ. ಇಂಜಿನ್ ಮೇಲೆ ಕೂರೋ ಸಿಲಿಂಡರ್ ಹೆಡ್ಡು.”

ಬಂದವನು ಜವಳಗಿರಿಯ ಬೀರೇಶ್. ದಿನಾ ಬೆಳಿಗ್ಗೆ ಹೊಸೂರಿಗೆ ಗುಲಾಬಿ ತರುವವನು. ಎರಡು ತಿಂಗಳ ಹಿಂದೆ ಇನ್ನೊಂದು ಹೆಡ್ ಕೊಂಡು ಪೋರ್ಟಿಂಗ್ ಮಾಡಿಸಿದ್ದ. ಅಂದರೆ, ಗಾಳಿ-ಪೆಟ್ರೋಲ್ ಒಳನುಗ್ಗುವ, ಹೊಗೆ ಹೊರಬರುವ ದಾರಿಗಳನ್ನು ಉಜ್ಜಿಸಿ ಅಗಲ ಮಾಡಿಸಿದ್ದ. ಅದನ್ನು ಹಾಕಿದ ಮೇಲೆ ಹೆದ್ದಾರಿಯಲ್ಲಿ ಬೈಕು ಬಾಣವಾಗಿತ್ತು. ಭಾನುವಾರ ಅವನು ಬಸ್ಸಿನಲ್ಲಿ ಕೃಷ್ಣಗಿರಿಗೆ ಮದುವೆಗೆ ಹೋಗಿದ್ದ. ಸೋಮವಾರ ಬೈಕಿನ ದನಿಯೇ ಬೇರೆ. ಬಗ್ಗಿ ನೋಡಿದರೆ, ಅಟ್ಟದ ಮೇಲಿಟ್ಟಿದ್ದ ಹಳೇ ಹೆಡ್ಡು ಇಂಜಿನ್ ಮೇಲೆ ಕೂತಿತ್ತು!

ಕದ್ದ ಜಾಗದಲ್ಲಿ ಬೇರೊಂದನ್ನು ಜೋಡಿಸಿ ಹೋಗುವ ಮರ್ಯಾದಸ್ಥ ಕಳ್ಳನನ್ನು ಲಕ್ಷ್ಮೀಪ್ರಿಯಾ ಕಂಡಿರಲಿಲ್ಲ.

“ಯಾರ ಮೇಲೆ ಅನುಮಾನ?”

“ಮುರಳಿಕೃಷ್ಣ. ರೇಸಿಗೆ ಹೋಗ್ತಾನೆ. ಅವಂದೂ ಇದೇ ಬೈಕು. ಆ ಹೆಡ್ ನಂಗೆ ಕೊಡು ಅಂತ ಪ್ರಾಣ ತಿಂತಿದ್ದ.”

*

ಪೋರ್ಟಿಂಗ್ ಮಾಡಿದ ಮೆಕ್ಯಾನಿಕ್ ಮುನಿರತ್ನನನ್ನು ಕರೆದುಕೊಂಡು ಲಕ್ಷ್ಮೀಪ್ರಿಯಾ ಮುರಳಿಯ ಮನೆಗೆ ಹೋದಳು. ಬೀರೇಶನೂ ತನ್ನ ಬೈಕಿನಲ್ಲಿ ಹಿಂದೆಯೇ ಬಂದ. ಅವನ ಬೈಕಿನ ಹೆಡ್ ನಟ್ಟುಗಳ ಮೇಲೆ ಕೆಸರು ಒಣಗಿ ಕಲ್ಲಾಗಿತ್ತು.

“ಇದನ್ನ ತಿಂಗಳಿಂದ ಯಾರೂ ಬಿಚ್ಚಿಲ್ಲ ಮೇಡಂ,” ಎಂದ ಮುನಿರತ್ನ.

“ಕದಿಯೋನಾದ್ರೆ ಕೇಳ್ತಿದ್ನಾ?” ಮುರಳಿ ಗೊಣಗಿದ.

ಲಕ್ಷ್ಮೀಪ್ರಿಯಾ ಬೀರೇಶನ ಬೈಕಿನತ್ತ ತಿರುಗಿದಳು. ನಾಲ್ಕು ನಟ್ಟು. ನಾಲ್ಕರ ಮೇಲೂ ಒಂದೊಂದು ಹಳದಿ ಚುಕ್ಕೆ.

“ಇದು ನೀವಿಟ್ಟಿದ್ದಾ?” ಎಂದು ಮುನಿರತ್ನನನ್ನು ಕೇಳಿದಳು.

“ಇಲ್ಲ ಮೇಡಂ. ನಾವು ಬಿಗಿ ಮಾಡಿ ಬುಡ್ತೀವಿ, ಅಷ್ಟೇ. ಬಿಗಿ ಮಾಡಿದ್ದಕ್ಕೆ ಗುರುತು ಹಾಕೋದು ಫ್ಯಾಕ್ಟ್ರಿಯೋರ ಅಭ್ಯಾಸ.”

“ಬೀರೇಶ್, ನಿಮ್ಮನೇಲಿ ಫ್ಯಾಕ್ಟರಿಗೆ ಹೋಗೋರು ಯಾರು?”

ಬೀರೇಶ್ ಬಗ್ಗಿ ಹಳದಿ ಚುಕ್ಕೆಯನ್ನು ಮುಟ್ಟಿ ನೋಡಿದ.

“ನನ್ ತಂಗಿ.”

*

ಚಂದ್ರಲೇಖಾ ಹೊಸೂರಿನ ಮೂಕಂಡಪಲ್ಲಿಯಲ್ಲಿ ರೂಮು ಮಾಡಿಕೊಂಡು ಬೈಕ್ ಫ್ಯಾಕ್ಟರಿಯಲ್ಲಿ ಇಂಜಿನ್ ಜೋಡಿಸುತ್ತಿದ್ದಳು. ಮುರಳಿಯೂ ಸೇರಿ ನಾಲ್ವರೂ ಬಾಗಿಲಲ್ಲಿ ನಿಂತದ್ದು ಕಂಡು ಅವಳ ಮುಖ ಬಿಳಿಚಿತು.

“ಹಳೇ ಹೆಡ್ ಅಟ್ಟದಲ್ಲಿರೋದು ಮನೆಯವರಿಗಷ್ಟೇ ಗೊತ್ತು,” ಲಕ್ಷ್ಮೀಪ್ರಿಯಾ ಮೆಲ್ಲಗೆ ಹೇಳಿದಳು. “ಭಾನುವಾರ ನಿಮಗೆ ರಜೆ, ಅಣ್ಣ ಊರಲ್ಲಿಲ್ಲ. ನಿಮ್ಮ ಕೈ ಮಾತ್ರ ಅಭ್ಯಾಸ ಬಿಡಲಿಲ್ಲ. ಚುಕ್ಕೆ ಇಟ್ಟುಬಿಟ್ಟಿತು.”

ಚಂದ್ರಲೇಖಾ ಮಂಚದ ಕೆಳಗಿಂದ ಟವೆಲ್ ಸುತ್ತಿದ ಗಂಟೊಂದನ್ನು ಎಳೆದಳು. ಒಳಗೆ ಹೆಡ್ಡು.

“ಹೋದ ತಿಂಗ್ಳು ಅಣ್ಣನ ಹಿಂದೆ ಕೂತು ಊರಿಗೆ ಹೋಗ್ತಿದ್ದೆ ಮೇಡಂ. ಏರಲ್ಲಿ ಎದುರಿಗೆ ಆನೆ! ಮೆಲ್ಲಗೆ ತಿರುಗಿಸ್ತಿದ್ದಂಗೆ ಇಂಜಿನ್ ಆಫ್. ಕಿಕ್ ಹೊಡ್ದ, ಹೊಡ್ದ, ಹತ್ಲೇ ಇಲ್ಲ. ಆನೇಗೇ ಬೇಜಾರಾಗಿ ಕಾಡಿಗೋಯ್ತು. ಹಳೇದು ಹಾಕ್ಸು ಅಂತ ಮೂರು ಸಲ ಬೇಡ್ಕಂಡೆ. ನಕ್ಬುಟ್ಟ.”

ಲಕ್ಷ್ಮೀಪ್ರಿಯಾ ಮುನಿರತ್ನನನ್ನು ನೋಡಿದಳು. “ಹೆಡ್ಡಿಂದ ಹಾಗಾಗುತ್ತಾ?”

“ಆಯ್ತದೆ ಮೇಡಂ. ದಾರಿ ಅತಿಯಾಗಿ ಅಗಲ ಮಾಡಿದ್ರೆ ನಿಧಾನಕ್ಕೆ ಹೋಗ್ವಾಗ ಗಾಳಿ ಜೋರಾಗಿ ನುಗ್ಗಲ್ಲ, ಎಳೆತ ಬಿದ್ದೋಯ್ತದೆ. ರೇಸಿಗಾದ್ರೆ ಸರಿ. ಹೂವಿನ ಮೂಟೆ ಕಟ್ಕಂಡು ಏರು ಹತ್ತೋನಿಗೆ ದಂಡ. ನಾನೂ ಹೇಳ್ದೆ. ಸ್ಪೀಡ್ ಬೇಕು ಅಂದ.”

ಬೀರೇಶ್ ಮುಂದೆ ಬಂದು ಗಂಟಿನ ಪಕ್ಕ ಕುಕ್ಕರಿಸಿದ.

“ಆವತ್ತು ನಂಗೂ ಹೆದ್ರಿಕೆ ಆಗಿತ್ತು ಕಣೇ ಚಂದ್ರಾ. ನಿನ್ ಮುಂದೆ ಒಪ್ಕಳಕ್ಕಾಗ್ಲಿಲ್ಲ.”

ಅವನು ಹೆಡ್ಡನ್ನು ಎತ್ತಿ ಮುರಳಿಯ ಕೈಗಿಟ್ಟ. “ತಗೋ ಕಣ್ಲಾ. ಹೋಗಿ ರೇಸ್ ಗೆಲ್ಲು.” ಆಮೇಲೆ ಲಕ್ಷ್ಮೀಪ್ರಿಯಾಗೆ ಕೈಮುಗಿದ. “ದೂರು ವಾಪಸ್ ತಗೋತೀನಿ ಮೇಡಂ.”

ಹೊರಗೆ ಬಂದು ಬೈಕ್ ಹತ್ತಿದ. “ಬಾ, ಮನೇಗೆ ಹೋಗಾನ. ನಿಧಾನಕ್ಕೇ ಓಡಿಸ್ತೀನಿ.”

“ಓಡ್ಸು,” ತಂಗಿ ಹಿಂದೆ ಕೂರುತ್ತ ನಕ್ಕಳು. “ಈಗ ನಿಧಾನಕ್ಕೆ ಹೋದ್ರೂ ಆಫ್ ಆಗಲ್ಲ. ನಾನೇ ಜೋಡ್ಸಿರೋದು!”