ಮೀನು, ರೇಷ್ಮೆ, ನಡುವೆ ಒಂದು ಬೀರು

ಹನ್ನೊಂದು ವರ್ಷ ಒಂದೇ ರೂಮಿನಲ್ಲಿ ಕೂತ ಇಬ್ಬರು ಅವತ್ತು ಒಬ್ಬರ ಮೇಲೊಬ್ಬರ ಚಾಡಿ ಬರೆದ ಕಾಗದ ಇಟ್ಟುಕೊಂಡು ಒಂದೇ ಮೆಟ್ಟಿಲು ಇಳಿದರು. ಚಾಡಿ ಬರೆದವರು ಅವರಲ್ಲ, ಅವರ ಸಾಹೇಬರುಗಳು. ಹೊತ್ತುಕೊಂಡು ಹೋಗುವುದಕ್ಕೆ ಮಾತ್ರ ಇವರು.

ಯಲಹಂಕದ ಕಡೆಯ ಒಂದು ಸರ್ಕಾರಿ ಕಟ್ಟಡ ಅದು. ಹೆಸರು ಬೇಡ, ಹೆಸರು ಹೇಳಿದರೆ ಒಂದು ಸಲ ಬಣ್ಣ ಹೊಡೆಸಿ ಸುಮ್ಮನಾಗುತ್ತಾರೆ. ಮೊದಲ ಮಹಡಿಯ ಕೊನೆಯ ರೂಮಿನಲ್ಲಿ ಎರಡು ಇಲಾಖೆಗಳ ಸಂಸಾರ. ಬಾಗಿಲ ಕಡೆ ಮೀನುಗಾರಿಕೆ, ಕಿಟಕಿ ಕಡೆ ರೇಷ್ಮೆ, ನಡುವೆ ಆಳೆತ್ತರದ ಕಬ್ಬಿಣದ ಬೀರು. ಬೀರುವಿಗೂ ಪಕ್ಕದ ಗೋಡೆಗೂ ನಡುವೆ ಒಬ್ಬರು ಓರೆಯಾಗಿ ನುಸುಳುವಷ್ಟು ಸಂದು. ಆ ಸಂದಿಗೆ ಎದುರಾಗಿ ಗೋಡೆಯಲ್ಲಿ ಅಂಗೈ ಎರಡರಷ್ಟು ಅಗಲದ ಹಳೇ ಕನ್ನಡಿ.

ಮೀನಿನ ಕಡೆಯವನು ಮುನಿಆಂಜಿನಪ್ಪ. ಪುಟ್ಟೇನಹಳ್ಳಿಯವನು. ಕೆರೆಗಳಿಗೆ ಮೀನುಮರಿ ಬಿಡುವ ಕೆಲಸ. ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷ. ರಿಟೈರ್ ಆಗುವುದಕ್ಕೆ ಎರಡು ವರ್ಷ ಬಾಕಿ.

ರೇಷ್ಮೆಯ ಕಡೆಯವಳು ಮುನಿಗಂಗಮ್ಮ. ಮಾಕಳಿಯಿಂದ ಎರಡು ಬಸ್ಸು ಹಿಡಿದು ಬರುತ್ತಾಳೆ. ಗಂಡ ಹೋದ ಮೇಲೆ ಮಗಳು ಮೋನಿಷಾಳನ್ನು ಓದಿಸಿ, ವಿದ್ಯಾರಣ್ಯಪುರಕ್ಕೆ ಮದುವೆ ಮಾಡಿಕೊಟ್ಟು, ಈಗ ಒಬ್ಬಳೇ. ಅವಳದು ಕಾಂಟ್ರಾಕ್ಟ್ ಕೆಲಸ. ಪ್ರತಿ ಮಾರ್ಚಿನಲ್ಲೂ ಯಾರಾದರೂ ಸೈನ್ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವನು ತನ್ನ ಮೇಜಿನಿಂದ ಸ್ವಲ್ಪ ಎಡಕ್ಕೆ ವಾಲಿದರೆ ಸಾಕು, ಆ ಕನ್ನಡಿಯಲ್ಲಿ ಗಂಗಮ್ಮ ಕಾಣುತ್ತಿದ್ದಳು. ಕೂದಲು ಬಾಚುವಾಗ ಹೇರ್‌ಪಿನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು, ಹಣೆಗೆ ಇಳಿದ ಬಿಳಿ ಎಳೆಯೊಂದನ್ನು ಬೇಕೆಂದೇ ಹಾಗೇ ಬಿಡುವುದು. ದಿನಕ್ಕೆ ನಾಲ್ಕೈದು ಸಲ ಬಾಚುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಹಾಗೆ ನೋಡುತ್ತಿದ್ದೇನೆ ಅಂತ ಆಂಜಿನಪ್ಪ ಹನ್ನೊಂದು ವರ್ಷ ಕಳ್ಳನ ಹಾಗೆ ಖುಷಿಪಟ್ಟಿದ್ದ.

ಮಾತೆಲ್ಲ ಬೀರುವಿನ ಮೇಲಿಂದಲೇ ಹಾದುಹೋಗುತ್ತಿತ್ತು.

"ಏನ್ ಮೀನಿನ ಸಾಹೇಬ್ರೆ, ಇವತ್ತು ಎಷ್ಟ್ ಮೀನು ಸತ್ವು?"

"ನಿಮ್ ಹುಳ ಎಷ್ಟ್ ಸತ್ವೋ ಅದಕ್ಕಿಂತ ಕಮ್ಮಿ, ಗಂಗಮ್ಮೋರೆ."

"ನಮ್ಮಲ್ಲಿ ಹುಳವೇ ಇಲ್ಲ, ಸಾಯೋದೆಲ್ಲಿ. ಹಿಪ್ಪುನೇರಳೆ ತೋಟ ಎಲ್ಲ ಸೈಟಾಯ್ತು."

"ಮತ್ತೆ ಯಾವುದಕ್ಕೆ ಸಂಬಳ?"

"ನಿಮ್ಮನ್ನ ಸಹಿಸ್ಕೊಳ್ಳೋದಕ್ಕೆ."

ಆ ವರ್ಷ ಮೇಲಿನಿಂದ ಅನುದಾನ ಕಡಿತವಾಯಿತು. ಯಾವ ಇಲಾಖೆ ಎಷ್ಟು ಬಿಡಬೇಕು ಅಂತ ತೀರ್ಮಾನಿಸಲು ಸಭೆ. ಕೊನೆಯ ರೂಮಿನ ಎರಡರಲ್ಲಿ ಒಂದು ಎದ್ದುಹೋಗಬೇಕು ಅಂತ ಮೊದಲೇ ಸುದ್ದಿಯಾಗಿತ್ತು. ರೇಷ್ಮೆ ಎದ್ದರೆ ಮಾರ್ಚಿಗೆ ಗಂಗಮ್ಮನ ಕೆಲಸ ಹೋಗುತ್ತದೆ. ಮೀನು ಎದ್ದರೆ ಆಂಜಿನಪ್ಪನನ್ನು ಹೆಸರಘಟ್ಟದ ಮರಿ ಕೊಳಕ್ಕೆ ಹಾಕುತ್ತಾರೆ. ಅಲ್ಲಿ ಕೊಳ ಇದೆ, ಮರಿ ಇದೆ, ಕನ್ನಡಿ ಇಲ್ಲ.

ಇಬ್ಬರ ಸಾಹೇಬರೂ ಮೂರು ಮೂರು ಕಡೆ ಚಾರ್ಜು ಇಟ್ಟುಕೊಂಡವರು. ಕಡಿತದ ಸಭೆಗೆ ಬಂದರೆ ಮರ್ಯಾದೆ ಕಡಿಮೆ ಅಂತ ಇವರನ್ನು ಕಳಿಸಿದರು. ಆಂಜಿನಪ್ಪನ ಸಾಹೇಬರು ಫೋನಿನಲ್ಲೇ ಎಚ್ಚರಿಸಿದ್ದರು. "ಇದ್ದಿದ್ ಇದ್ದಂಗೆ ಓದ್ಬೇಕು. ನಿನ್ ಪೆನ್ಶನ್ ಪೇಪರ್ ನನ್ ಟೇಬಲ್‌ಗೇ ಬರೋದು, ನೆನಪಿರ್ಲಿ."

ಆಂಜಿನಪ್ಪ ಓದಿದ್ದು ಮೂರನೇ ಕ್ಲಾಸು. ಬೆಳಿಗ್ಗೆ ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಾಗ ಕೊನೆಯ ಸಾಲಿನಲ್ಲಿ ಕೈ ನಿಂತಿತು. "ರೇಷ್ಮೆ ಇಲಾಖೆಯ ಗುತ್ತಿಗೆ ನೌಕರಳಿಗೆ ಯಾವ ಕೆಲಸವೂ ಇಲ್ಲದ ಕಾರಣ ಸದರಿ ಹುದ್ದೆಯನ್ನು ಕೈಬಿಡಬಹುದು." ಸದರಿ ಹುದ್ದೆ ಆಗ ಬೀರುವಿನ ಆಚೆ ಹೇರ್‌ಪಿನ್ನು ಕಚ್ಚಿಕೊಂಡು ನಿಂತಿತ್ತು.

ಸಭೆಯಲ್ಲಿ ಮೊದಲು ಬಂದದ್ದು ಬಾದಾಮಿ ಹಾಲು. ಜೊತೆಗೆ ಪ್ಲೇಟಿನಲ್ಲಿ ಗೋಡಂಬಿ. ಅದನ್ನು ಅಗಿಯುತ್ತಾ ದೊಡ್ಡ ಸಾಹೇಬರು ದುಡ್ಡಿಲ್ಲ ಅಂದರು. ಎಲ್ಲರೂ ಬಾಯಿ ಒರೆಸಿಕೊಂಡು ಹೌದು ಸಾರ್ ಅಂದರು.

ಆಮೇಲೆ ಶುರುವಾಯಿತು. ರಸ್ತೆಯವರು ಶಾಲೆಯವರನ್ನು ತೋರಿಸಿದರು, ಶಾಲೆಯವರು ಆರೋಗ್ಯದವರನ್ನು. ಹೆಣ್ಣುಮಕ್ಕಳ ಶಾಲೆಯ ಶೌಚಾಲಯಕ್ಕೆ ಬಾಗಿಲು ಈ ವರ್ಷ ಬೇಡ, ಪರದೆ ಸಾಕು ಅಂತ ಒಬ್ಬ ಹೇಳಿದ. ಅವನಿಗೆ ಅದನ್ನು ಹೇಳುವಾಗ ನಾಚಿಕೆ ಇರಲಿಲ್ಲ, ಗೋಡಂಬಿ ಇತ್ತು. ಎಂಜಿನಿಯರ್ ಯೋಗಾನಂದ ಅರ್ಧ ಗಂಟೆ ನಿಂತು ಕಟ್ಟಡದ ಮುಂದಿನ ಸ್ವಾಗತ ಕಮಾನನ್ನು ಯಾಕೆ ಬಿಡಲಾಗದು ಅಂತ ವಿವರಿಸಿದ. ಕಮಾನಿನ ಕೆಳಗೆ ಬರುವವರನ್ನು ಯಾರೂ ಸ್ವಾಗತಿಸಿದ್ದನ್ನು ಆಂಜಿನಪ್ಪ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಈ ಕುರ್ಚಿಗಳಲ್ಲಿ ಎಷ್ಟು ಜನ ಬಂದು ಕೂತು ಎದ್ದುಹೋದರು ಅನ್ನುವುದು ಅವನಿಗೆ ನೆನಪಿತ್ತು. ಮುಖ ಬೇರೆ ಬೇರೆ. ತುತ್ತು ಎತ್ತುವ ಕೈ ಒಂದೇ.

ಎರಡು ಗಂಟೆಯಾದರೂ ಒಂದು ಕಾಸೂ ಕಡಿತವಾಗಿರಲಿಲ್ಲ. ದೊಡ್ಡ ಸಾಹೇಬರು ಗಡಿಯಾರ ನೋಡಿ, "ಈ ಚಿಕ್ಕಪುಟ್ಟವು ಯಾವ್ ಯಾವ್ ಇವೆ?" ಅಂದರು. ಎಲ್ಲರ ಕತ್ತೂ ಹಿಂದಿನ ಸಾಲಿಗೆ ತಿರುಗಿತು.

ಮೊದಲು ಗಂಗಮ್ಮ ಎದ್ದಳು. ಏಳನೇ ಕ್ಲಾಸು ಓದಿದವಳು, ದನಿ ನಡುಗಲಿಲ್ಲ.

"ಮೀನುಗಾರಿಕೆ ಇಲಾಖೆಯ ಕೆರೆಗಳಲ್ಲಿ ನೊರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಬಿಟ್ಟ ಮರಿಗಳು ವಾರ ಬದುಕುವುದಿಲ್ಲ. ಸದರಿ ಇಲಾಖೆಯ ನೌಕರರು ದಿನವಿಡೀ ಗೋಡೆ ನೋಡುತ್ತಾ ಕಾಲ ಕಳೆಯುತ್ತಾರೆ."

ನಿಲ್ಲಿಸಿದಳು. ಕಣ್ಣೆತ್ತಿ ನೇರ ಆಂಜಿನಪ್ಪನನ್ನು ನೋಡಿ, ಆ ಕೊನೆಯ ಸಾಲನ್ನು ಇನ್ನೊಮ್ಮೆ ನಿಧಾನವಾಗಿ ಓದಿದಳು. ಅವನ ಕಿವಿ ಕಾವೇರಿತು. ಸಭೆ ನಕ್ಕಿತು.

"ನೀವೇನಪ್ಪ ಹೇಳ್ತೀರಿ, ಗೋಡೆ ಇಲಾಖೆ?" ಅಂದ ಯೋಗಾನಂದ.

ಆಂಜಿನಪ್ಪ ಎದ್ದ. ಕಾಗದ ಬಿಚ್ಚಿದ. ಕೊನೆಯ ಸಾಲು ಕಣ್ಣಿಗೆ ಬಿತ್ತು. ಅವಳು ತನ್ನನ್ನು ಅಷ್ಟು ಜನರ ಮುಂದೆ ಆಡಿಕೊಂಡಿದ್ದಳು, ಓದಿದರೆ ಸಮವಾಗುತ್ತಿತ್ತು. ಅವನು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ.

"ಆಯಮ್ಮ ಓದಿದ್ದೆಲ್ಲ ನಿಜ ಸಾರ್. ಗೋಡೆ ನೋಡೋದೂ ನಿಜ. ಮೀನಿಗೆ ರೂಮ್ ಯಾಕೆ ಸಾರ್, ನೀರಿದ್ರೆ ಸಾಕು. ನನ್ನ ಹೆಸರಘಟ್ಟಕ್ಕೆ ಹಾಕ್ಬಿಡಿ. ರೇಷ್ಮೆಯೋರು ಅಲ್ಲೇ ಇರ್ಲಿ."

"ನಿಮ್ ಸಾಹೇಬ್ರು ಇದನ್ನೇ ಹೇಳೋಕೆ ಕಳ್ಸಿದ್ರಾ?"

"ಅವ್ರು ಬೇರೆ ಏನೋ ಬರ್ದಿದ್ರು ಸಾರ್. ನಂಗೆ ಸರಿಯಾಗಿ ಓದಕ್ ಬರಲ್ಲ."

ದೊಡ್ಡ ಸಾಹೇಬರು ಒಂದು ಸಾಲು ಗೀಚಿದರು. ಆ ಇಡೀ ಸಭೆಯಲ್ಲಿ ಕಡಿತವಾದದ್ದು ಅರ್ಧ ರೂಮು, ಒಂದು ಮೇಜು, ಒಬ್ಬ ಆಂಜಿನಪ್ಪ. ಖಾಲಿಯಾದ ಅರ್ಧ ರೂಮು ತನಗೆ ಬೇಕು ಅಂತ ಯೋಗಾನಂದ ಅಲ್ಲೇ ಕೇಳಿ ಪಡೆದ. ಮತ್ತೆ ಬಾದಾಮಿ ಹಾಲು ಬಂತು.

ಮೇಲೆ ರೂಮಿನಲ್ಲಿ ಆಂಜಿನಪ್ಪ ಬೀರು ಖಾಲಿ ಮಾಡತೊಡಗಿದ. ಒಂದು ಹರಿದ ಬಲೆ, ಎರಡು ರಿಜಿಸ್ಟರು, ಉದ್ಯೋಗವಿಡೀ ಅಷ್ಟೇ. ಗಂಗಮ್ಮ ಸಂದಿನಲ್ಲಿ ಓರೆಯಾಗಿ ಬಂದು ನಿಂತಳು. ಹನ್ನೊಂದು ವರ್ಷ ದಿನವೂ ಹಾದುಹೋದ ಮೀನಿನ ಕಡೆಯಲ್ಲಿ ಅವಳು ನಿಂತದ್ದು ಅದೇ ಮೊದಲು.

"ಮೂರನೇ ಕ್ಲಾಸ್ ಆದ್ರೂ ದಿನಾ ಅಕ್ಷರ ಕೂಡಿಸ್ಕೊಂಡು ಪೇಪರ್ ಓದ್ತೀರ ನೀವು. ಇವತ್ತೇನ್ ಓದಕ್ ಬರ್ಲಿಲ್ವಾ?"

"ಬರ್ಲಿಲ್ಲ."

"ಕೊಡಿ ಇಲ್ಲಿ." ಅವನ ಜೇಬಿನಿಂದ ತಾನೇ ಕಾಗದ ಎಳೆದುಕೊಂಡಳು. ಓದಿ, ಮತ್ತೆ ನಾಲ್ಕಾಗಿ ಮಡಚಿದಳು.

"ನೀವ್ ಓದ್ತೀರ ಅಂದ್ಕೊಂಡೆ. ಅದಕ್ಕೇ ಮೊದ್ಲು ನಾನು ಓದ್ದೆ. ನಂಗೆ ಈ ಕೆಲ್ಸ ಹೋದ್ರೆ ಇನ್ನೊಂದ್ ಕೊಳ ಇಲ್ಲ."

"ಗೊತ್ತು. ಅದಕ್ಕೇ ಓದ್ಲಿಲ್ಲ."

"ಪೆನ್ಶನ್ನಿಗೆ ಅಡ್ಡ ಹಾಕ್ತಾನೆ ಆ ನಿಮ್ ಸಾಹೇಬ."

"ಹಾಕ್ಲಿ. ಎರಡ್ ವರ್ಷದಲ್ಲಿ ಅವನೆಲ್ಲಿರ್ತಾನೋ. ಆದ್ರೆ ಗೋಡೆ ನೋಡ್ತಾನೆ ಅಂತ ನಿಮ್ ಸಾಹೇಬ್ರಿಗೆ ಯಾರ್ ಹೇಳಿದ್ರು?"

"ಅವರು ಬರ್ದಿದ್ದಲ್ಲ ಅದು. ಆ ಸಾಲು ನಾನೇ ಸೇರಿಸ್ದೆ."

ಆಂಜಿನಪ್ಪ ರಿಜಿಸ್ಟರು ಕೆಳಗಿಟ್ಟ.

"ಹನ್ನೊಂದ್ ವರ್ಷ ಕಾದೆ," ಅಂದಳು ಅವಳು. ದನಿಯಲ್ಲಿ ತಾತ್ಸಾರ ತುಂಬಿತ್ತು, ಕಣ್ಣಲ್ಲಿ ಬೇರೇನೋ. "ಒಂದ್ ಮಾತು ಆಡ್ತೀರೇನೋ ಅಂತ. ಇವತ್ತು ಇಬ್ಬರಲ್ಲಿ ಒಬ್ಬರು ಎದ್ ಹೋಗೋದೇ ಅಂದ್ಮೇಲೆ, ಎಲ್ಲರ ಮುಂದೆ ನಾನೇ ಹೇಳ್ಬಿಟ್ಟೆ. ಆ ಗೋಡಂಬಿ ತಿನ್ನೋರಿಗೆ ಅರ್ಥ ಆಗಲ್ಲ ಅಂತ ಗೊತ್ತಿತ್ತು. ನಿಮಗೂ ಆಗ್ಲಿಲ್ಲ ನೋಡಿ."

"ನಾನು ನೋಡೋದು ನಿಮಗೆ ಕಾಣ್ತಿತ್ತಾ?"

"ಕನ್ನಡೀಲಿ ನಿಮಗೆ ನಾನು ಕಂಡ್ರೆ ನನಗೆ ನೀವ್ ಕಾಣಲ್ವಾ? ಈ ನಾಲ್ಕ್ ಎಳೆ ಕೂದಲಿಗೆ ದಿನಕ್ಕೆ ಐದ್ ಸಲ ಬಾಚಣಿಗೆ ಯಾಕೆ ಅಂತ ಒಂದಿನ ಆದ್ರೂ ಯೋಚ್ನೆ ಮಾಡಿದ್ರಾ? ಮೀನಿಗೂ ನಿಮಗಿಂತ ಬುದ್ಧಿ ಇರತ್ತೆ."

ಅವನಿಗೆ ನಗು ಬಂತು. ಬೀರುವಿನ ಮೇಲೆ ಕೈಯಾಡಿಸಿದ.

"ಬೀರು ನಮ್ ಸ್ಟಾಕು. ತಗೊಂಡ್ ಹೋಗ್ಬೇಕು. ಆ ಕನ್ನಡಿ ಯಾರ ಸ್ಟಾಕೋ ಗೊತ್ತಿಲ್ಲ. ಅದನ್ನ ಎಂಜಿನಿಯರಿಗೆ ಬಿಟ್ ಹೋಗಕ್ಕೆ ಮಾತ್ರ ಮನ್ಸಿಲ್ಲ."

ಗಂಗಮ್ಮ ಗೋಡೆಯ ಹತ್ತಿರ ಹೋಗಿ ಮೊಳೆಯಿಂದ ಕನ್ನಡಿ ಇಳಿಸಿದಳು. ಸೆರಗಿನಿಂದ ಧೂಳು ಒರೆಸಿದಳು.

"ಯಾರ್ ಸ್ಟಾಕೂ ಅಲ್ಲ. ಬಂದ ಎರಡನೇ ತಿಂಗಳು, ನೀವ್ ಕೆರೆಗೆ ಹೋಗಿದ್ದಾಗ, ಮನೆಯಿಂದ ತಂದು ನಾನೇ ತಗಲಾಕಿದ್ದು. ಎಲ್ಲಿ ಮೊಳೆ ಹೊಡೆದ್ರೆ ನೀವ್ ಕೂರೋ ಜಾಗ ಕಾಣತ್ತೆ ಅಂತ ಮೂರ್ ಜಾಗ ನೋಡಿ ಹೊಡ್ದಿದ್ದೆ."

ಸುಣ್ಣದ ಗೋಡೆಯಲ್ಲಿ, ಕನ್ನಡಿ ಇದ್ದ ಕಡೆ, ಎರಡು ಹಳೇ ತೂತು, ಒಂದು ಮೊಳೆ. ಆಂಜಿನಪ್ಪ ಅವನ್ನೇ ನೋಡುತ್ತಾ ನಿಂತ. ಇಷ್ಟು ವರ್ಷ ದಿಟ್ಟಿಸಿದ ಗೋಡೆಯಲ್ಲಿ ಅವನ್ನು ಕಂಡಿರಲಿಲ್ಲ. ಮೆಲ್ಲಗೆ ಕೈಯೂರಿ ಆ ಮೊಳೆಯನ್ನು ಅಲುಗಾಡಿಸಿ ಕಿತ್ತು, ಅವಳ ಅಂಗೈಯಲ್ಲಿಟ್ಟ.

"ಭಾನುವಾರ ಪುಟ್ಟೇನಹಳ್ಳಿಗೆ ಬಾ ಗಂಗಾ," ಅಂದ. "ನಮ್ಮನೇಲಿ ಗೋಡೆ ನಾಲ್ಕೈತೆ. ಎಲ್ಲಿ ಹೊಡೀಬೇಕು ಅಂತ ನೀನೇ ನೋಡು."

ಗಂಗಮ್ಮ ಮುಷ್ಟಿ ಮುಚ್ಚಿದಳು.

"ಸುತ್ತಿಗೆ ಆದ್ರೂ ಐತಾ ನಿನ್ ಮನೇಲಿ," ಅಂದಳು, "ಇಲ್ಲ ಅದನ್ನೂ ನಾನೇ ತರಬೇಕಾ?"