ಹೊಸ್ತಿಲಿಗೆ ಕೊಟ್ಟ ಮಾತು

ರಾಚವ್ವ ಜರಡಿ ಹಿಡಿದು ಮಣ್ಣು ಸಾಣಿಸುತ್ತಿದ್ದಳು. ಎದುರಿಗೆ ಕುಳಿತ ಪದ್ಮಜಾ ಉಳಿದ ಹರಳುಗಳನ್ನು ಆರಿಸಿ ಬದಿಗೆ ಹಾಕುತ್ತಿದ್ದಳು. ಜರಡಿಯ ಸದ್ದೊಂದೇ ಕಲ್ಲಿನ ಗೋಡೆಗಳ ನಡುವೆ ಓಡಾಡುತ್ತಿತ್ತು.

ಸಾಲಹಳ್ಳಿಯ ಆಚೆ, ಎರೆಹೊಲದ ನಡುವೆ ನಿಂತಿದ್ದ ಹಳೆಯ ದನದ ಕೊಟ್ಟಿಗೆ ಅದು. ಧಾರವಾಡದ ಪದ್ಮಜಾ ಅದನ್ನು ಕೊಂಡಿದ್ದಳು. ಕಲ್ಲು ಕೆಡವದೆ, ಸಿಮೆಂಟು ಮುಟ್ಟದೆ, ಸುಣ್ಣ ಮತ್ತು ಮಣ್ಣಿನಿಂದಲೇ ಅದನ್ನು ಮನೆ ಮಾಡಬೇಕೆಂಬುದು ಅವಳ ಹಟ. ಮಳೆನೀರಿಗೆ ತೊಟ್ಟಿ ತೋಡಿಸಿದ್ದಳು. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಬಿಡಿಸಿದ್ದಳು. ತಾಯಿ ತೀರಿದ ಮೇಲೆ ಅವಳಿಗೆ ಉಳಿದವಳು ಅಕ್ಕ ಮಂಜುಳಾ ಒಬ್ಬಳೇ. ಅವಳನ್ನು ಇಲ್ಲಿಗೆ ಕರೆಸಿಕೊಂಡು ನಾಲ್ಕು ದಿನ ಜೊತೆಗಿರಬೇಕು. ಅಷ್ಟೇ ಆಸೆ.

ಒಂದು ವಿಷಯ ಅವಳನ್ನು ನೋಯಿಸುತ್ತಿತ್ತು. ಕೆಲಸದವರು ಸಂಜೆ ಹೇಳಿ ಹೋಗುತ್ತಿರಲಿಲ್ಲ. ಕೈ ತೊಳೆದು, ತಲೆ ತಗ್ಗಿಸಿ, ಹೊಸ್ತಿಲು ದಾಟಿಬಿಡುತ್ತಿದ್ದರು. ತನ್ನ ಮೇಲೇನಾದರೂ ಸಿಟ್ಟೇ ಎಂದು ಅಂದು ಕೇಳಿಯೇಬಿಟ್ಟಳು.

ಗೌಂಡಿ ಹಣಮಂತಪ್ಪ ಮೆತ್ತುತ್ತಿದ್ದ ಗೋಡೆಯ ಕಡೆ ನೋಡುತ್ತಲೇ ಹೇಳಿದ. ಹಿಂದಿನ ಒಡೆಯನ ಹೆಂಡತಿ ದೇವಕ್ಕ. ಮೈಮೇಲೆ ಬಿಳಿ ಕಲೆಗಳು ಎದ್ದವೆಂದು ಅವಳನ್ನು ಇಲ್ಲಿ ದನಗಳ ಜೊತೆ ಇಟ್ಟಿದ್ದರು. ನೋಡಲು ಬಂದ ತವರಿನವರು, ನೆರೆಯವರು, ಎಲ್ಲರೂ ಹೊಸ್ತಿಲಲ್ಲಿ ‘ಬರತೇನಿ’ ಎಂದು ಹೋದರು. ಒಬ್ಬರೂ ಮರಳಲಿಲ್ಲ. ಕಡೆಗೆ ಅವಳು ಊರೂರು ಅಲೆಯುವ ಮಾಟಗಾರನಿಗೆ ಕಿವಿಯ ಬುಗುಡಿ ಬಿಚ್ಚಿಕೊಟ್ಟು, ತನ್ನ ಕೂದಲನ್ನು ಹೊಸ್ತಿಲಡಿ ಹೂಳಿಸಿದಳು. ಇಲ್ಲೇ ಸತ್ತಳು.

“ಇಲ್ಲಿ ಬರತೇನಿ ಅಂದವರು ಬರಾಕಬೇಕ್ರಿ ಅಕ್ಕಾರ. ಬಂದವರನ್ನ ಆಕಿ ಬಿಡಾಂಗಿಲ್ಲ.”

ಪದ್ಮಜಾ ನಕ್ಕಳು. “ಹೋಗತೇನಿ ಅಂದ್ರ ಅಪಶಕುನ. ಬರತೇನಿ ಅಂದ್ರ ದೆವ್ವ. ಮತ್ತ ಮಂದಿ ಏನಂತ ಹೇಳಿ ಹೋಗಬೇಕ್ರಿ?”

“ಸುಮ್ಮನ ಹೋಗಬೇಕ್ರಿ,” ಎಂದಳು ರಾಚವ್ವ.

ಮಧ್ಯಾಹ್ನ ಪದ್ಮಜಾ ಸುಣ್ಣ ತರಲು ರಾಮದುರ್ಗಕ್ಕೆ ಹೊರಟಳು. ಚಪ್ಪಲಿ ಮೆಟ್ಟಿದಳು. ಮಾತು ಬಂದಾಗಿನಿಂದ ಎಲ್ಲ ಬಾಗಿಲಲ್ಲೂ ಆಡಿದ ಮಾತು. ನಾಲಿಗೆ ತಾನೇ ಆಡಿತು.

“ಬರತೇನ್ರಿ.”

ಜರಡಿ ನಿಂತಿತು. ಹಣಮಂತಪ್ಪ ಕಣ್ಣು ಮುಚ್ಚಿಕೊಂಡ.

ಅವರ ಮುಖ ನೆನೆದು ದಾರಿಯುದ್ದಕ್ಕೂ ನಗುತ್ತ ಅವಳು ರಸ್ತೆಗೆ ಬಂದಳು. ಬಸ್ಸು ಬಂತು. ಕೈ ಮಾಡಿದಳು. ಖಾಲಿ ರಸ್ತೆ ನೋಡಿದಂತೆ ನೋಡಿ ಡ್ರೈವರ್ ಹೊರಟೇಹೋದ. ಎಮ್ಮೆ ಹೊಡೆದುಕೊಂಡು ಬಂದ ಮುದುಕನನ್ನು ಮಾತಾಡಿಸಿದಳು. ಅವನು ಎಮ್ಮೆಗೇ ಬೈಯುತ್ತ ಹಾದುಹೋದ. ಅಕ್ಕನಿಗೆ ಫೋನು ಮಾಡಿದಳು.

“ಪದ್ದೀ? ಯಾಕ ಮಾತಾಡವಲ್ಲಿ?” ಎಂದಳು ಮಂಜುಳಾ. ಪದ್ಮಜಾ ಕೂಗಿದಳು. “ಪದ್ದೀ, ಏನೂ ಕೇಳಸವಲ್ದು.” ಫೋನು ಕಟ್ಟಾಯಿತು.

ಊರಿನ ಕಡೆ ನಡೆದಳು. ಹತ್ತು ಹೆಜ್ಜೆಗೆ ಹಸಿ ಸಗಣಿಯ ವಾಸನೆ. ಗಂಜಲದ ಘಾಟು. ತಲೆಯೆತ್ತಿದಳು. ಎದುರಿಗೆ ಕೊಟ್ಟಿಗೆಯ ಬಾಗಿಲು. ತಿರುಗಿದಳು. ಓಡಿದಳು. ಮತ್ತೆ ಅದೇ ಬಾಗಿಲು. ಕೆಲಸದವರು ಯಾರೂ ಇರಲಿಲ್ಲ. ಕಾಲು ಅವಳ ಮಾತು ಕೇಳಲಿಲ್ಲ. ಹೊಸ್ತಿಲು ದಾಟಿತು.

ಒಳಗೆ ಕತ್ತಲು. ಬೆಳಕಿಂಡಿ ಇಲ್ಲ. ದನ ಮೆಲುಕು ಹಾಕುವ ಸದ್ದು. ಸರಪಳಿಯ ಸದ್ದು. ಬಳೆಯ ಸದ್ದು. ಹತ್ತಿರ. ಇನ್ನೂ ಹತ್ತಿರ. ತಣ್ಣನೆಯ ಕೈಯೊಂದು ಅವಳ ಮುಂಗೈ ಹಿಡಿಯಿತು.

“ಬಂದ್ಯಾ, ತಂಗಿ?”

ಮೂರನೆಯ ದಿನ ಮಂಜುಳಾ ಬಂದಳು. ಪೊಲೀಸರು ಆಗಲೇ ಬಾವಿ, ತೊಟ್ಟಿ ಎಲ್ಲ ನೋಡಿ ಹೋಗಿದ್ದರು. ಅರ್ಧ ಮೆತ್ತಿದ ಗೋಡೆಯ ಮೇಲೆ ಅವಳು ಕೈಯಾಡಿಸಿದಳು. ಮೂಲೆಯಲ್ಲಿ ಹಾಸಿದ್ದ ಚಾಪೆಯ ಮೇಲೆ ಕುಳಿತು, ಸದ್ದಾಗದಂತೆ ಅತ್ತಳು. ಪದ್ಮಜಾ ಪಕ್ಕದಲ್ಲೇ ಕುಳಿತಿದ್ದಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅಕ್ಕನ ಮುಡಿಯ ಕೊಬ್ಬರಿ ಎಣ್ಣೆಯ ವಾಸನೆ ಅವಳಿಗೆ ಬರುತ್ತಿತ್ತು.

ಹೊತ್ತು ಇಳಿಯುತ್ತಿತ್ತು. ರಾಚವ್ವ ಒಳಗೆ ಬಂದು ಮಂಜುಳಾಳ ತೋಳು ಹಿಡಿದು ಎಬ್ಬಿಸಿದಳು. ಬಾಯಿ ತೆರೆಯಬೇಡಿ ಎಂದು ಸನ್ನೆ ಮಾಡಿದಳು. ಇಬ್ಬರೂ ಬಾಗಿಲ ಕಡೆ ನಡೆದರು.

“ಅಕ್ಕಾ,” ಎಂದಳು ಪದ್ಮಜಾ, “ಇನ್ನೊಂದು ಸ್ವಲ್ಪ ಕೂಡು.”