ಮಾರೆಪ್ಪನ ಫಟಫಟಿ

೧೯೪೬ನೆಯ ಇಸವಿಯ ಫೆಬ್ರುವರಿ ತಿಂಗಳು, ಸಂತೆಯ ದಿನ. ಇಳಿಹೊತ್ತಿನಲ್ಲಿ ಹಿರೇಬೆಂಡಿಗೇರಿಯ ಜಮೀನುದಾರ ಕುಬೇರಪ್ಪ ಶಿಗ್ಗಾಂವಿ ಪೊಲೀಸ್ ಠಾಣೆಯ ಕಟ್ಟೆ ಹತ್ತಿ ಬಂದ. ಅವನ ಧೋತರದ ಅಂಚಿಗೆ ಬೂದಿ ಮೆತ್ತಿತ್ತು.

"ಸಾಹೇಬರ, ನನ್ನ ಬಣವಿ ಸುಟ್ಟಾರ್ರೀ. ವರ್ಷದ ಮೇವು. ದನಕ್ಕ ಇನ್ನ ಏನ್ ಹಾಕ್ಲಿ?"

ಫೌಜದಾರ ಉಳವಪ್ಪ ಕುರ್ಚಿ ತೋರಿಸಿದರು. "ಯಾರ ಮ್ಯಾಲೆ ಸಂಶಯ ಐತಿ?"

"ಸಂಶಯ ಏನ್ ಬಂತು, ಹೆಸರೇ ಬರಸ್ತೇನಿ. ಮಿಲಿಟರಿಯಿಂದ ಬಂದಾನಲ್ರಿ, ಮಾರೆಪ್ಪ, ಅವನ. ಬಣವಿ ಜಾಗಾದಾಗ ಪೆಟ್ರೋಲ್ ವಾಸನಿ ಬರಾಕತ್ತೈತಿ. ನಮ್ಮೂರಾಗ ಪೆಟ್ರೋಲ್ ಯಾರ ಮನ್ಯಾಗ ಇರತೈತ್ರಿ? ಫಟಫಟಿ ಇದ್ದಾವನ ಮನ್ಯಾಗ."

"ನಿಮಗೂ ಅವಗೂ ತಕರಾರು?"

ಕುಬೇರಪ್ಪ ಧೋತರದ ಬೂದಿ ಕೊಡವಿದ. "ಆ ಹಾಳ ಗಾಡಿ ಹೇರಕೊಂಡು ಊರಾಗ ತರುವಾಗ ಅದರ ಖಡಖಡ ಸಪ್ಪಳಕ್ಕ ನನ್ನ ಎತ್ತು ಬೆದರಿದ್ವು. ಮಾತಿಗೆ ಮಾತು ಬೆಳೀತು. ಬರ್ಮಾಕ್ಕ ಹೋಗಿ ಬಂದ ಮ್ಯಾಲೆ ಅವನ ತಲಿ ಬಗ್ಗೂದಿಲ್ರಿ."

೪೩೫ನೆಯ ಕಲಮಿನ ಕೆಳಗೆ ಎಫ್.ಐ.ಆರ್. ದಾಖಲಾಯಿತು. ಮರುದಿನ ಬೆಳಿಗ್ಗೆ ಫೌಜದಾರರು ಪೇದೆ ಉಸ್ಮಾನಸಾಬನ ಜೊತೆ ಸೈಕಲ್ ಮೇಲೆ ಹಿರೇಬೆಂಡಿಗೇರಿ ತಲುಪಿದರು. ಪಂಚರನ್ನು ಕರೆಸಿ ಸ್ಥಳದ ಪಂಚನಾಮೆ ಮಾಡಿದರು. ಊರಿನವರೆಲ್ಲ ಸಂತೆಗೆ ಹೋದ ಹೊತ್ತು ನೋಡಿ ಬೆಂಕಿ ಹಚ್ಚಿದ್ದು ಸ್ಪಷ್ಟವಿತ್ತು. ಕಳ್ಳಿಯ ಬೇಲಿಯ ಬುಡದಲ್ಲಿ ಬಾಯಿ ಒಡೆದ ಹಸಿರು ಔಷಧದ ಬಾಟ್ಲಿಯೊಂದು ಬಿದ್ದಿತ್ತು. ಉಸ್ಮಾನಸಾಬ ಮೂಸಿ ನೋಡಿದ.

"ಪೆಟ್ರೋಲೇ ಸಾಹೇಬರ."

ಅಷ್ಟರಮಟ್ಟಿಗೆ ಕುಬೇರಪ್ಪನ ಮಾತು ಸುಳ್ಳಾಗಿರಲಿಲ್ಲ.

ಮಾರೆಪ್ಪನ ಮನೆ ಕೇರಿಯ ಕೊನೆಗಿತ್ತು. ಅಂಗಳದಲ್ಲಿ ಗಾಲಿಗಳಿಲ್ಲದ ಮೋಟಾರ್ ಸೈಕಲ್ ಕಲ್ಲುಗಳ ಮೇಲೆ ಕೂತಿತ್ತು. ಸವಣೂರಿನ ಒಬ್ಬ ಗುತ್ತಿಗೆದಾರನ ದನದ ಕೊಟ್ಟಿಗೆಯಲ್ಲಿ ಅದು ವರ್ಷಗಟ್ಟಲೆ ಬಿದ್ದಿತ್ತು. ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಗುತ್ತಿಗೆದಾರನ ನೀರಿನ ಪಂಪು ರಿಪೇರಿ ಮಾಡಿದ ಮಾರೆಪ್ಪ ಕೂಲಿಯ ಬದಲು ಅದನ್ನೇ ಕೇಳಿ, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಬರ್ಮಾದ ಲಡಾಯಿಯಲ್ಲಿ ಅವನು ಮಾಡಿದ್ದು ಇದೇ ರಿಪೇರಿ ಕೆಲಸ. ಅಲ್ಲಿಯೇ ಎಡಗಾಲು ಊನವಾಗಿತ್ತು. ಈಗ ಕಳಚಿದ ಭಾಗಗಳನ್ನೆಲ್ಲ ಮೊರದಲ್ಲಿ ಸಾಲಾಗಿ ಹರಡಿ, ಒಂದೊಂದನ್ನೇ ಬೂದಿ ಹಾಕಿ ತಿಕ್ಕುತ್ತಿದ್ದ.

"ಪೆಟ್ರೋಲ್ ಟಾಕಿ ಎಲ್ಲೈತಿ?" ಎಂದು ಫೌಜದಾರರು ಕೇಳಿದರು.

ಉಸ್ಮಾನಸಾಬ ಮೂಲೆಯಲ್ಲಿದ್ದ ಟಾಕಿ ಎತ್ತಿದ. ಒಳಗೆ ಏನೋ ಕುಲುಕಿತು. ಅಂಗಳದ ಹೊರಗೆ ನಿಂತಿದ್ದ ಕುಬೇರಪ್ಪ ಕೂಗಿದ: "ನಾ ಹೇಳಲಿಲ್ಲೇನ್ರಿ!"

ಪಂಚರ ಮುಂದೆ ಟಾಕಿಯನ್ನು ಬೋಗುಣಿಗೆ ಬಗ್ಗಿಸಿದರು. ಕೆಂಪು ನೀರು ಬಂತು, ಹಿಂದೆಯೇ ಹಿಡಿಯಷ್ಟು ಹರಳುಕಲ್ಲು.

"ಹುಣಸಿಹಣ್ಣಿನ ನೀರ್ರಿ," ಎಂದ ಮಾರೆಪ್ಪ. "ಒಳಗ ಜಂಗು ಹಿಡದೈತಿ. ಹರಳು ಹಾಕಿ ದಿನಾ ಅಳ್ಳಾಡಸ್ತೇನಿ. ತಳಕ್ಕ ತೂತು ಬಿದ್ದಾವು, ಸದ್ಯ ಮೇಣ ಮೆತ್ತೇನಿ. ಪೆಟ್ರೋಲ್ ಹಾಕಿದ್ರ ಮೇಣ ಕರಗಿ ಹೋಗತೈತ್ರಿ. ಹಾಕಾಕರ ಕೂಪನ್ ಎಲ್ಲಿ ಐತಿ ನನ್ನ ಕಡೆ?"

ಮನೆ ಶೋಧಿಸಿದರು. ಚಿಮಣಿ ಎಣ್ಣೆಯ ಬುಡ್ಡಿ ಬಿಟ್ಟರೆ ಬೇರೇನೂ ಸಿಗಲಿಲ್ಲ. ಮಾರೆಪ್ಪನ ತಾಯಿ ಅಡಿವೆವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಅಂಥಾ ಲಡಾಯ್ಯಾಗಿಂದ ಜೀವಂತ ಬಂದಾನ್ರಿ ನನ್ನ ಮಗ. ಬಣವಿ ಸುಟ್ಟು ಜೇಲಿಗೆ ಹೋಗಾಕ ಬಂದಾನೇನ್ರಿ?"

ಹೊರಗೆ ಕುಬೇರಪ್ಪನ ಕಡೆಯ ಹುಡುಗರು ಗುಂಪು ಕೂಡಿದ್ದರು. ಫಟಫಟಿ ಒಡೆದು ಹಾಕುವ ಮಾತು ಕೇಳಿಬರುತ್ತಿತ್ತು. ಉಸ್ಮಾನಸಾಬನನ್ನು ಬಾಗಿಲಿಗೆ ಕಾವಲಿಟ್ಟು, ಊರು ಬಿಡಬೇಡವೆಂದು ಮಾರೆಪ್ಪನಿಗೆ ತಾಕೀತು ಮಾಡಿ, ಫೌಜದಾರರು ಒಬ್ಬರೇ ಶಿಗ್ಗಾಂವಿಗೆ ಹೊರಟರು.

ಪೆಟ್ರೋಲ್ ರೇಷನ್ನಿನ ಕಾಲ ಅದು. ಮೋಟಾರು ಓಡಿಸುವವರ ಕೈ ದಾಟದೆ ಬಾಟ್ಲಿ ತುಂಬುವಂತಿರಲಿಲ್ಲ. ಸ್ಟ್ಯಾಂಡಿನಲ್ಲಿ ಬಸ್ ಡ್ರೈವರ್ ಇಸಾಕನ ಮುಂದೆ ಫೌಜದಾರರು ಹಸಿರು ಬಾಟ್ಲಿ ಇಟ್ಟರು. ಇಸಾಕನ ಮುಖ ಕಪ್ಪಿಟ್ಟಿತು.

"ನನ್ನ ಹಿಡೀತೀರೇನ್ರಿ?"

"ಯಾರಿಗೆ ಕೊಟ್ಟಿ, ಅದನ್ನ ಹೇಳು."

"ಬೆಂಡಿಗೇರಿ ಟಾಂಗಾ ದ್ಯಾಮಪ್ಪಗ್ರಿ. ಕುದುರಿಗೆ ಉಣ್ಣಿ ಹತ್ಯಾವು, ಹಚ್ಚಬೇಕು ಅಂದ. ಸಂತಿ ದಿನ ಮುಂಜಾನೆ ಬಾಟ್ಲಿ ತಾನ ತಂದಿದ್ದ. ಒಯ್ದಾವನ ಖಾಲಿ ಟಾಂಗಾ ಊರ ಕಡೆ ತಿರುಗಿಸಿಕೊಂಡು ಹೋದ."

ದ್ಯಾಮಪ್ಪನ ಟಾಂಗಾ ಸ್ಟ್ಯಾಂಡಿನ ಪಕ್ಕದ ಆಲದ ಮರದ ನೆರಳಿನಲ್ಲಿ ನಿಂತಿತ್ತು. ಫೌಜದಾರರು ಕುದುರೆಯ ಕಿವಿಯ ಹಿಂದೆ, ಕತ್ತಿನ ಕೆಳಗೆ ಕೈಯಾಡಿಸಿದರು. ಮುದಿ ಕುದುರೆ, ಆದರೆ ಮೈ ಉಜ್ಜಿ ಉಜ್ಜಿ ನುಣುಪಾಗಿತ್ತು.

"ಉಣ್ಣಿ ಎಲ್ಲಿ ಅದಾವೋ?"

"ಹ್… ಹೋದೂರಿ."

"ಪೆಟ್ರೋಲ್ ಹಚ್ಚಿದ್ರ ಕೂದಲ ಉದರತಿದ್ವು. ಸಂತಿ ದಿನ ಇಷ್ಟು ಬಾಡಿಗಿ ಬಿಟ್ಟು ಖಾಲಿ ಟಾಂಗಾ ಊರಿಗೆ ಯಾಕ ಹೊಡಕೊಂಡು ಹೋದಿ?"

ದ್ಯಾಮಪ್ಪ ಟಾಂಗಾದ ಮೂಕಿ ಹಿಡಿದು ನೆಲಕ್ಕೆ ಕೂತ. ಆಮೇಲೆ ಅವನಾಗಿಯೇ ಹೇಳಿದ.

"ಫಟಫಟಿ ಬಾಜೂಕ ಪೆಟ್ಟಿಗಿ ಕಟ್ಟಿ ಕುಂದರಿಸಿಕೊಂಡು ಹೋಗ್ತೇನಿ ಅಂತ ಮಾರೆಪ್ಪ ಚಾದಂಗಡ್ಯಾಗ ಹೇಳಾಕತ್ತಿದ್ದ್ರಿ. ಬಸ್ಸು ಬಂದು ಅರ್ಧ ಮಂದಿ ಹೋದ್ರು. ಉಳದಾವ್ರನ್ನ ಇಂವ ಒಯ್ದರ ನನ್ನ ಟಾಂಗಾ ಯಾರು ಹತ್ತತಾರ? ಕುಬೇರಪ್ಪಗ ಅವನ ಮ್ಯಾಲೆ ಸಿಟ್ಟೈತಿ ಅಂತ ಊರಿಗೆಲ್ಲಾ ಗೊತ್ತು. ನೀವು ಅವನ್ನ ಒಯ್ದರ ಫಟಫಟಿ ಹಂಗ ಬೀಳತೈತಿ ಅನಕೊಂಡು ಆ ಬಣವಿಗೆ ನಾನ ಬೆಂಕಿ ಹಚ್ಚಿದ್ನಿರಿ."

ಅವನನ್ನು ಅಲ್ಲಿಯೇ ದಸ್ತಗಿರಿ ಮಾಡಲಾಯಿತು.

ಹೊತ್ತು ಮುಳುಗುವ ಮುಂಚೆ ಫೌಜದಾರರು ಮತ್ತೆ ಹಿರೇಬೆಂಡಿಗೇರಿಗೆ ಬಂದರು. ಉಸ್ಮಾನಸಾಬ ಟೊಪ್ಪಿಗೆ ತೆಗೆದಿಟ್ಟು, ತೋಳು ಮಡಚಿ ಗಾಲಿ ಹಿಡಿದು ಕೂತಿದ್ದ. ಮಾರೆಪ್ಪ ಅದಕ್ಕೆ ಕಡ್ಡಿ ಬಿಗಿಯುತ್ತಿದ್ದ. ಸಾಹೇಬರನ್ನು ಕಂಡು ಪೇದೆ ದಡಬಡಿಸಿ ಎದ್ದ.

"ಮಾರೆಪ್ಪ, ನಿನ್ನ ಮ್ಯಾಲೆ ಏನೂ ಇಲ್ಲ. ಆರೋಪಿ ಸಿಕ್ಕ."

ಮಾರೆಪ್ಪ ಕೈಯಲ್ಲಿದ್ದ ಕಡ್ಡಿಯನ್ನು ಮೊರದಲ್ಲಿಟ್ಟ. ಅಡಿವೆವ್ವ ಸೆರಗಿನಿಂದ ಮುಖ ಒತ್ತಿಕೊಂಡು ಗೋಡೆಗೆ ಒರಗಿದಳು. ಬಳಿಕ ಒಮ್ಮೆಲೇ ನಕ್ಕಳು. "ಕುಂದರ್ರಿ ಸಾಹೇಬರ. ಮುಂಜಾನಿಂದ ಒಲಿ ಹಚ್ಚಿಲ್ಲ. ಈಗ ಹಚ್ಚತೇನಿ."

"ಫಟಫಟಿ ಮ್ಯಾಲೆ ಬಾಡಿಗಿ ಹೊಡೀಬೇಕಂತ ಇದ್ದೀಯೇನ?" ಎಂದು ಫೌಜದಾರರು ಮಾರೆಪ್ಪನನ್ನು ಕೇಳಿದರು.

"ಎಲ್ಲೀದ್ರಿ! ಹಿರೇಕೆರೂರಾಗ ಅವ್ವನ ತಂಗಿ ಅದಾಳ. ಲಡಾಯಿ ಸುರು ಆದಾಗಿಂದ ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಪೆಟ್ಟಿಗ್ಯಾಗ ಅವ್ವನ್ನ ಕುಂದರಿಸಿಕೊಂಡು ಹೋಗಿ ಬರೋಣು ಅಂತ."

ಫೌಜದಾರರು ದ್ಯಾಮಪ್ಪ ತಪ್ಪೊಪ್ಪಿ ಕೊಟ್ಟ ಜಬಾನಿಯನ್ನು ಹೇಳಿದರು. ಅಷ್ಟರಲ್ಲಿ ಕುಬೇರಪ್ಪ ಬಂದ. ಬೆಳಿಗ್ಗೆ ಹೊರಗೆ ನಿಂತವನು ಈಗ ಅಂಗಳದೊಳಗೆ ಕಾಲಿಟ್ಟ. "ತಪ್ಪು ಹೆಸರು ಬರಸಿದ್ನಪ್ಪ," ಎಂದ. ಮಾರೆಪ್ಪ ತಲೆಯಾಡಿಸಿದ.

ಮರುದಿನ ಮಾರೆಪ್ಪ ಕುಂಟುತ್ತ ಶಿಗ್ಗಾಂವಿ ಠಾಣೆಗೆ ಬಂದ. ತಲೆಯ ಮೇಲೆ ಹಸಿ ಹುಲ್ಲಿನ ಹೊರೆಯಿತ್ತು. ದ್ಯಾಮಪ್ಪನ ಕುದುರೆಯನ್ನು ಠಾಣೆಯ ಬೇವಿನ ಮರಕ್ಕೆ ಕಟ್ಟಿದ್ದರು. ಹೊರೆ ಇಳಿಸಿ ಹಗ್ಗ ಬಿಚ್ಚುವಾಗ ಲಾಕಪ್ಪಿನ ಸರಳುಗಳ ಹಿಂದೆ ದ್ಯಾಮಪ್ಪ ಎದ್ದು ನಿಂತದ್ದು ಅವನಿಗೆ ಕಂಡಿತು.

"ನಾ ಬಾಡಿಗಿ ಹೊಡ್ಯಾವ ಅಲ್ಲೋ ದ್ಯಾಮಪ್ಪಣ್ಣ," ಎಂದ ಮಾರೆಪ್ಪ. "ನನ್ನನ್ನ ಕೇಳಿದ್ರ ಹೇಳತಿದ್ದೆ."

ದ್ಯಾಮಪ್ಪ ಸರಳು ಹಿಡಿದು ಕುದುರೆಯ ಕಡೆ ನೋಡಿದ.

"ಮೊದಲ ನೀರು ಕುಡಿಸು. ಆಮ್ಯಾಲೆ ಹುಲ್ಲು ಹಾಕು."

ಮಾರೆಪ್ಪ ಹಗ್ಗ ಬಿಟ್ಟು ಬಕೀಟು ಹುಡುಕಲು ಹೊರಟ.